ಗಂಗಾವತಿಯ ದೀಪದ ಕಂಬಗಳು ಮತ್ತು ಮರಕುಂಬಿಯ ಕ್ಷೌರದಂಗಡಿ

ಗಂಗಾವತಿ ಎಂಬ ಊರು ನಿಮಗೆ ಗೊತ್ತು. ನೋಡಿಲ್ಲದಿದ್ದರೂ ಆ ಸೀಮೆಯ ಸೋನಾ ಮಸೂರಿ ಅಕ್ಕಿ ನಿಮ್ಮ ಮನೆಗೆ ಬಂದಿರುತ್ತದೆ. ಕೊಪ್ಪಳ ಜಿಲ್ಲೆಯ ಈ ಊರಿನಿಂದ ಆನೆಗೊಂದಿ ಕಡೆ ಹೊರಟರೆ ಅರ್ಧ ಗಂಟೆಯ ದಾರಿಯಲ್ಲಿ ಅಂಜನಾದ್ರಿ ಬೆಟ್ಟ ಸಿಗುತ್ತದೆ. ಹನುಮಂತ ಹುಟ್ಟಿದ ಜಾಗ ಇದೇ ಎಂದು ಜನ ನಂಬುತ್ತಾರೆ. ಹತ್ತಲು 575 ಮೆಟ್ಟಿಲು. ಈಗ ಗಂಗಾವತಿಯ ರಾಜಕೀಯ ಎಂದರೆ ಈ ಮೆಟ್ಟಿಲುಗಳ ರಾಜಕೀಯ. ಯಾರು ಎಷ್ಟು ಸಲ ಹತ್ತಿದರು, ಯಾರು ಎಷ್ಟು ಕೋಟಿ ತಂದರು, ಯಾರ ಕೊರಳಲ್ಲಿ ಮಾಲೆ ಇತ್ತು, ಯಾರ ಕೊರಳಲ್ಲಿ ಇರಲಿಲ್ಲ. ಇಷ್ಟೇ.

2024ರ ಆಗಸ್ಟ್ ಕೊನೆಯಲ್ಲಿ ಈ ಊರಿನಲ್ಲಿ ಒಂದು ದೊಡ್ಡ ಗದ್ದಲವಾಯಿತು. ರಸ್ತೆಯ ವಿದ್ಯುತ್ ಕಂಬಗಳಿಗೆ ಗದೆ, ಬಿಲ್ಲುಬಾಣ, ನಾಮದ ಆಕಾರದ ಅಲಂಕಾರದ ದೀಪ ಹಾಕಿದ್ದರು. ಸರ್ಕಾರದ ಕಂಬಕ್ಕೆ ಒಂದು ಧರ್ಮದ ಗುರುತು ಯಾಕೆ ಎಂದು ದೂರು ಬಂತು. ತಹಶೀಲ್ದಾರರು ತೆಗೆಯಿರಿ ಎಂದು ಆದೇಶ ಹೊರಡಿಸಿದರು. ಕೂಗಾಟ ಎದ್ದಿತು. ಆದೇಶ ವಾಪಸಾಯಿತು. ಪೇಪರುಗಳಲ್ಲಿ ಫೋಟೋ, ಟೀವಿಯಲ್ಲಿ ಚರ್ಚೆ, ಪುಢಾರಿಗಳ ಬಾಯಲ್ಲಿ ಧರ್ಮರಕ್ಷಣೆಯ ಮಾತು.

ಅದೇ ಆಗಸ್ಟ್ ತಿಂಗಳು, ಅದೇ ಕೊಪ್ಪಳ ಜಿಲ್ಲೆ. ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕಟಿಂಗ್ ಮಾಡಿಸಿಕೊಳ್ಳಲು ಹೋದ ಒಬ್ಬ ದಲಿತ ಯುವಕ ಕ್ಷೌರದಂಗಡಿಯಲ್ಲಿ ಜಗಳವಾಗಿ ಕತ್ತರಿಯ ಇರಿತಕ್ಕೆ ಸತ್ತ. ಕೂದಲು ಕತ್ತರಿಸುವ ಕತ್ತರಿ ಅವನ ಹೊಟ್ಟೆಗೆ ಹೋಯಿತು.

ಕಂಬದ ಮೇಲಿನ ಗದೆಗಾಗಿ ಬೀದಿಗಿಳಿದ ಧರ್ಮರಕ್ಷಕರನ್ನು ಒಂದೇ ಮಾತು ಕೇಳುತ್ತೇನೆ. ಆ ಹುಡುಗನ ಹೆಣ ಯಾವ ಧರ್ಮದ್ದು? ಓಟಿನ ಲೆಕ್ಕ ಹಾಕುವಾಗ ಅವನನ್ನು ಹಿಂದೂ ಎಂದು ಬರೆದುಕೊಂಡಿದ್ದಿರಿ. ಅವನು ಸತ್ತ ದಿನ ನಿಮ್ಮ ಮೆರವಣಿಗೆ ಎಲ್ಲಿತ್ತು? ಅವನಿಗಾಗಿ ಒಂದು ಕಂಬದ ದೀಪವನ್ನಾದರೂ ಆರಿಸಿದಿರಾ?

ಕಂಬದ ದೀಪವೂ ಕ್ಷೌರದಂಗಡಿಯ ಕತ್ತರಿಯೂ ಬೇರೆ ಬೇರೆ ಸುದ್ದಿ ಎಂದು ಪೇಪರಿನವರು ಬೇರೆ ಬೇರೆ ಪುಟದಲ್ಲಿ ಹಾಕಿದರು. ನನ್ನ ವಾದ ಇಷ್ಟೇ: ಎರಡೂ ಒಂದೇ ಸುದ್ದಿ. ಬೆಟ್ಟದ ರಾಜಕೀಯಕ್ಕೆ ಜಾತಿಯನ್ನು ಮುಟ್ಟುವ ಎದೆಗಾರಿಕೆ ಇಲ್ಲ. ಜಾತಿಯನ್ನು ಮುಟ್ಟಬಾರದು ಎಂತಲೇ ಅದು ಬೆಟ್ಟ ಹತ್ತುತ್ತದೆ.

ಮೊದಲು ಈ ಊರು ಹೇಗೆ ಊರಾಯಿತು ಎಂಬುದನ್ನು ನೋಡೋಣ. ಗಂಗಾವತಿಯನ್ನು ದೊಡ್ಡ ಊರು ಮಾಡಿದ್ದು ಹನುಮಪ್ಪ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆ. 1953ರಲ್ಲಿ ಅಣೆಕಟ್ಟಿನ ನೀರು ಹರಿಯಲು ಶುರುವಾದ ಮೇಲೆ ಒಣಬೇಸಾಯದ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದಿಂದ ರೈತರು ಬಂದು ಕ್ಯಾಂಪ್ ಕಟ್ಟಿದರು. ರೈಸ್ ಮಿಲ್ಲುಗಳ ಚಿಮಣಿ ಎದ್ದವು. ನೆಲದ ಬೆಲೆ ಏರಿತು. ಗದ್ದೆಯ ಕೆಸರಿನಲ್ಲಿ ಬಗ್ಗಿ ಸಸಿ ನಾಟಿದವರು ಯಾರು? ಮಿಲ್ಲಿನಲ್ಲಿ ಮೂಟೆ ಹೊತ್ತವರು ಯಾರು? ಕೇರಿಯ ಹೆಂಗಸರು, ಕೇರಿಯ ಗಂಡಸರು. ನೀರು ಬಂದಾಗ ಸಾಹುಕಾರನ ಮನೆ ಎರಡಂತಸ್ತು ಆಯಿತು. ಕೇರಿಯ ಗುಡಿಸಲು ಗುಡಿಸಲಾಗಿಯೇ ಉಳಿಯಿತು. ಕಾಲುವೆ ನೀರು ಜಾತಿ ಕೇಳದೆ ಹರಿಯಿತು, ನಿಜ. ಆದರೆ ನೆಲವಿದ್ದವನ ಗದ್ದೆಗೇ ಹರಿಯಿತು.

ನೀರಿನಿಂದ ಬಂದ ಹಣ ರಾಜಕೀಯಕ್ಕೆ ಬಂತು. ರಾಜಕೀಯಕ್ಕೆ ಬಂದ ಹಣಕ್ಕೆ ಒಂದು ಮುಖವಾಡ ಬೇಕಾಯಿತು. ಬೆಟ್ಟ ಕೈಗೆ ಸಿಕ್ಕಿತು. 2021ರಲ್ಲಿ ತಿರುಪತಿಯವರು ಹನುಮಂತ ಹುಟ್ಟಿದ್ದು ನಮ್ಮ ತಿರುಮಲೆಯ ಬೆಟ್ಟದಲ್ಲಿ ಎಂದು ಘೋಷಿಸಿದರು. ಇಲ್ಲಿಯವರು ಅಲ್ಲಿಗೇ ಹೋಗಿ ವಾದ ಮಾಡಿ ಬಂದರು. ದೇವರ ಜನ್ಮಸ್ಥಳಕ್ಕೆ ಎರಡು ರಾಜ್ಯಗಳ ಪಂಡಿತರು ಜಗಳವಾಡಿದರು. 2022ರ ಬಜೆಟ್ಟಿನಲ್ಲಿ ಬಿಜೆಪಿ ಸರ್ಕಾರ ಅಂಜನಾದ್ರಿಗೆ 100 ಕೋಟಿ ಘೋಷಿಸಿತು. ಆಮೇಲೆ ಬಂದ ಕಾಂಗ್ರೆಸ್ ಸರ್ಕಾರವೂ ಬೆಟ್ಟದ ಅಭಿವೃದ್ಧಿಯ ಮಾತನ್ನು ಕೈಬಿಡಲಿಲ್ಲ. 2022ರ ಡಿಸೆಂಬರಿನಲ್ಲಿ ಬಳ್ಳಾರಿಯ ಗಣಿ ಧಣಿ ಜನಾರ್ದನ ರೆಡ್ಡಿ ಹೊಸ ಪಕ್ಷ ಕಟ್ಟಿದರು. 2023ರಲ್ಲಿ ಗಂಗಾವತಿಗೆ ಬಂದು ನಿಂತರು, ಗೆದ್ದರು. 2024ರ ಮಾರ್ಚಿನಲ್ಲಿ ಆ ಪಕ್ಷವನ್ನು ಬಿಜೆಪಿಯಲ್ಲಿ ಕರಗಿಸಿದರು. 2025ರ ಮೇ ತಿಂಗಳಲ್ಲಿ ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ಕೋರ್ಟು ಅವರಿಗೆ 7 ವರ್ಷ ಶಿಕ್ಷೆ ಕೊಟ್ಟಿತು. ಜೂನಿನಲ್ಲಿ ತೆಲಂಗಾಣ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಇದು ಒಬ್ಬ ಮನುಷ್ಯನ ಕತೆ ಎಂದು ತಿಳಿಯಬೇಡಿ. ಬೆಟ್ಟ ಬಗೆದು ಬಂದ ಹಣ, ಕಾಲುವೆಯಿಂದ ಬಂದ ಹಣ, ಎರಡಕ್ಕೂ ನೆರಳು ಬೇಕು. ದೇವರ ಬೆಟ್ಟದಷ್ಟು ತಂಪಾದ ನೆರಳು ಬೇರೆ ಎಲ್ಲಿದೆ?

ಈಗ ಬೆಟ್ಟ ಇಳಿಯೋಣ. ಅದೇ ಗಂಗಾವತಿ ತಾಲ್ಲೂಕಿನಲ್ಲಿ ಮರಕುಂಬಿ ಎಂಬ ಹಳ್ಳಿ ಇದೆ.

ಮರಕುಂಬಿಯ ದಲಿತರು ಕೇಳಿದ್ದು 100 ಕೋಟಿಯನ್ನಲ್ಲ. ಹೋಟೆಲಿನಲ್ಲಿ ಕೂತು ಚಹಾ ಕುಡಿಯುತ್ತೇವೆ ಎಂದರು. ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು ಗಡ್ಡ ಮಾಡಿಸಿಕೊಳ್ಳುತ್ತೇವೆ ಎಂದರು. ಸಂವಿಧಾನ ಜಾರಿಗೆ ಬಂದು 64 ವರ್ಷವಾಗಿತ್ತು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 15ನೇ ವಿಧಿ ಅಂಗಡಿ, ಹೋಟೆಲುಗಳ ಬಾಗಿಲು ಎಲ್ಲರಿಗೂ ತೆರೆದಿದೆ ಎನ್ನುತ್ತದೆ. ಮರಕುಂಬಿಯ ಜನ ಕೇಳಿದ್ದು ಆ ಪುಸ್ತಕದಲ್ಲಿ ಆಗಲೇ ಬರೆದಿದ್ದನ್ನು. ಅಷ್ಟು ಕೇಳಿದ್ದಕ್ಕೆ ಊರು ಹಗೆ ಕಟ್ಟಿಕೊಂಡಿತು. 2014ರ ಆಗಸ್ಟ್ 28ರಂದು ಗಂಗಾವತಿಯ ಥಿಯೇಟರಿನಲ್ಲಿ ಸಿನಿಮಾ ನೋಡುವಾಗ ಆದ ಒಂದು ಜಗಳ ನೆಪವಾಯಿತು. ಕೇರಿಯ ಮೇಲೆ ಗುಂಪು ಬಿತ್ತು. ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೆಂಗಸರು ಮಕ್ಕಳೆನ್ನದೆ ಹೊಡೆದರು.

ಹತ್ತು ವರ್ಷ. ಹತ್ತು ವರ್ಷ ಆ ಕೇರಿಯವರು ಕೋರ್ಟಿಗೆ ಅಲೆದರು. ಕೂಲಿ ಬಿಟ್ಟು ಬಸ್ಸಿಗೆ ದುಡ್ಡು ಹೊಂದಿಸಿ ಸಾಕ್ಷಿ ಹೇಳುವುದು ಎಂದರೇನು ಎಂದು ಕೇರಿಯಲ್ಲಿ ಬೆಳೆದವರಿಗೆ ಗೊತ್ತು. ಸಂಜೆ ವಾಪಸು ಬರಬೇಕಾದ್ದು ಅದೇ ಊರಿಗೆ. ಕೂಲಿ ಕೇಳಬೇಕಾದ್ದು ಅದೇ ಆರೋಪಿಗಳ ಗದ್ದೆಯಲ್ಲಿ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಜಿಲ್ಲಾ ನ್ಯಾಯಾಲಯ 101 ಜನ ತಪ್ಪಿತಸ್ಥರು ಎಂದಿತು. 98 ಜನರಿಗೆ ಜೀವಾವಧಿ ಶಿಕ್ಷೆ. ಜಾತಿ ದೌರ್ಜನ್ಯದ ಒಂದು ಪ್ರಕರಣದಲ್ಲಿ ಇಷ್ಟು ಜನರಿಗೆ ಒಮ್ಮೆಲೇ ಜೀವಾವಧಿ ಆಗಿದ್ದು ಅಪರೂಪ. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ 97 ಜನರಿಗೆ ಜಾಮೀನು ಕೊಟ್ಟಿತು. ಮೇಲ್ಮನವಿ ಅವರ ಹಕ್ಕು, ಕಾನೂನು ಕೊಟ್ಟಿದ್ದು. ನಾನು ಅದನ್ನು ಆಡಿಕೊಳ್ಳುವುದಿಲ್ಲ. ಆದರೆ ನ್ಯಾಯದ ಬಂಡಿ ಕೇರಿಯ ಕಡೆ ಬರಲು ಹತ್ತು ವರ್ಷ ತೆಗೆದುಕೊಂಡಿತು, ಊರಿನ ಕಡೆ ಹೋಗಲು ಒಂದು ತಿಂಗಳು ಸಾಕಾಯಿತು. ಇಷ್ಟನ್ನು ಲೆಕ್ಕದಲ್ಲಿ ಬರೆದಿಡಿ.

ಆ ಹತ್ತು ವರ್ಷಗಳಲ್ಲಿ ಎರಡು ವಿಧಾನಸಭಾ ಚುನಾವಣೆ ಬಂದು ಹೋದವು. ಮರಕುಂಬಿಯ ಕ್ಷೌರದಂಗಡಿ ಯಾವ ಪ್ರಣಾಳಿಕೆಯಲ್ಲಿ ಇತ್ತು? ಯಾವ ಅಭ್ಯರ್ಥಿ ಆ ಕುರ್ಚಿಯಲ್ಲಿ ಕೇರಿಯ ಮುದುಕನೊಬ್ಬನ ಪಕ್ಕ ಕೂತು ಗಡ್ಡ ಮಾಡಿಸಿಕೊಂಡ? ನಿಮಗೆ ನೆನಪಿದ್ದರೆ ಹೇಳಿ. 575 ಮೆಟ್ಟಿಲು ಹತ್ತುವ ಕಾಲಿಗೆ ಕ್ಷೌರದಂಗಡಿಯ ಒಂದು ಹೊಸ್ತಿಲು ಯಾಕೆ ದಾಟಲಾಗುವುದಿಲ್ಲ?

ಇನ್ನೊಂದು ಕತೆ ಕೇಳಿ. ಇದು ಹನುಮಪ್ಪನದೇ ಕತೆ. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್ 4ರಂದು ಒಂದು ದಲಿತ ಮಗುವಿನ ಹುಟ್ಟುಹಬ್ಬ. ಅಪ್ಪ ಮಗುವನ್ನು ಕರೆದುಕೊಂಡು ಆಂಜನೇಯನ ಗುಡಿಯ ಮುಂದೆ, ಹೊರಗೆ ನಿಂತು ಕೈಮುಗಿದ. ಮಗು ಓಡಿ ಒಳಗೆ ಹೋಯಿತು. ಎರಡು ಮೂರು ವರ್ಷದ ಕೂಸು. ಅದಕ್ಕೆ ಜಾತಿ ಗೊತ್ತೇ? ಹೊಸ್ತಿಲು ಗೊತ್ತೇ? ಊರ ಹಿರಿಯರು ಸೇರಿ ಗುಡಿ ಮೈಲಿಗೆಯಾಯಿತು, ಶುದ್ಧಿ ಮಾಡಬೇಕು ಎಂದು ಸುಮಾರು 25 ಸಾವಿರ ದಂಡ ಕೇಳಿದರು. ಪೊಲೀಸರು ಬಂದರು, ಕೆಲವರ ಬಂಧನವಾಯಿತು, ಅಧಿಕಾರಿಗಳು ಜಾಗೃತಿ ಸಭೆ ಮಾಡಿದರು.

ಗೆಳೆಯರೇ, ಈ ಸೀಮೆಯ ಕೇರಿಗೆ ಹೋಗಿ ಹೆಸರು ಕೇಳಿ. ಹನುಮಂತಪ್ಪ, ಹನುಮವ್ವ, ಮಾರುತಿ, ಆಂಜನೇಯ. ನಮ್ಮ ಅವ್ವಂದಿರು ಹರಕೆ ಹೊತ್ತು ಇಟ್ಟ ಹೆಸರುಗಳು. ಹನುಮಪ್ಪನ ಹೆಸರು ಹೊತ್ತವನು ಹನುಮಪ್ಪನ ಗುಡಿಯೊಳಗೆ ಹೋಗುವಂತಿಲ್ಲ. ಜನ್ಮಸ್ಥಳಕ್ಕೆ 100 ಕೋಟಿ, ಆ ದೇವರನ್ನು ನೋಡಲು ಒಳಗೆ ಓಡಿದ ಕೂಸಿಗೆ 25 ಸಾವಿರ ದಂಡ. ಇದು ಯಾವ ಸೀಮೆ ಭಕ್ತಿ?

ಅಂಜನಾದ್ರಿಯ ಹತ್ತಿರವೇ ಪಂಪಾ ಸರೋವರ. ಅಲ್ಲಿ ಶಬರಿಯ ಗುಹೆ ಎಂದು ತೋರಿಸುತ್ತಾರೆ. ಬೇಡತಿ ಶಬರಿ ಕಚ್ಚಿ ರುಚಿ ನೋಡಿದ ಹಣ್ಣನ್ನು ರಾಮ ತಿಂದ ಎಂದು ಕತೆ ಹೇಳಿ ಭಕ್ತರ ಕಣ್ಣಲ್ಲಿ ನೀರು ತರಿಸುತ್ತಾರೆ. ಕಣ್ಣೊರೆಸಿಕೊಂಡು ಹಳ್ಳಿಗೆ ಹೋದವನು ಹೋಟೆಲಿನಲ್ಲಿ ಕೇರಿಯವನಿಗೆ ಬೇರೆ ಲೋಟ ಇಡುತ್ತಾನೆ. ಎಂಜಲು ತಿಂದ ದೇವರನ್ನು ಪೂಜಿಸುವವನಿಗೆ ತೊಳೆದ ಲೋಟವನ್ನು ಹಂಚಿಕೊಳ್ಳಲು ಆಗುವುದಿಲ್ಲ.

ಈಗ ಕೆಲವರು ಹೇಳುತ್ತಾರೆ: "ಬೆಟ್ಟದ ಮ್ಯಾಲೆ ಯಾರೂ ಜಾತಿ ಕೇಳಂಗಿಲ್ರಿ ಸರ. ಎಲ್ಲಾರೂ ಹನುಮ ಮಾಲೆ ಹಾಕ್ಕೊಂಡು ಹೋಗ್ತಾರ." ಹೌದು, ಕೇಳುವುದಿಲ್ಲ. ಸಾವಿರಾರು ಜನರ ಗುಂಪಿನಲ್ಲಿ ಯಾರು ಯಾರನ್ನು ಗುರುತಿಸುತ್ತಾರೆ? ಬಸ್‌ಸ್ಟ್ಯಾಂಡಿನಲ್ಲೂ ಯಾರೂ ಜಾತಿ ಕೇಳುವುದಿಲ್ಲ. ಬಸ್‌ಸ್ಟ್ಯಾಂಡು ಜಾತಿ ವಿನಾಶ ಮಾಡಿತು ಎನ್ನುತ್ತೀರಾ? ಮಾಲೆ ಹಾಕಿದ ದಿನಗಳಷ್ಟೂ ನೀನು ಹಿಂದೂ. ಮಾಲೆ ತೆಗೆದ ಮರುದಿನ ನೀನು ಹೊಲೆಯ, ನೀನು ಮಾದಿಗ. ಮೆರವಣಿಗೆಗೆ ಕೂಗಲು ಕೇರಿಯ ಹುಡುಗರ ಗಂಟಲು ಬೇಕು. ಕ್ಷೌರದಂಗಡಿಯಲ್ಲಿ ಅದೇ ಹುಡುಗರ ತಲೆ ಬೇಡ.

ಇನ್ನು ಕೆಲವರು ಹೇಳುತ್ತಾರೆ: "ಯಾತ್ರಿಕರು ಬಂದರೆ ಬಡವರಿಗೂ ವ್ಯಾಪಾರ ಆಕ್ಕೈತಿ." ಸರಿ. ಲಾಡ್ಜು ಯಾರದು? ಪಾರ್ಕಿಂಗ್ ಜಾಗ ಯಾರದು? ರಸ್ತೆಯ ಕಂಟ್ರಾಕ್ಟು ಯಾರದು? ಕೇರಿಯವನಿಗೆ ಸಿಗುವುದು ಯಾತ್ರಿಕರು ಬಿಸಾಡಿದ ಬಾಟ್ಲಿ ಆರಿಸುವ, ಕಕ್ಕಸು ತೊಳೆಯುವ ಕೆಲಸ. ಅಭಿವೃದ್ಧಿಯ ಹೆಸರಿನಲ್ಲಿ ಹಳೆಯ ಕಸುಬನ್ನೇ ಹೊಸ ಸಮವಸ್ತ್ರದಲ್ಲಿ ಕೊಡುವ ಈ ಜಾಣತನ ನಮಗೆ ಹೊಸದಲ್ಲ.

ಕ್ಷೌರಿಕನನ್ನು ಬೈದು ಮುಗಿಸುವವರಿಗೂ ಒಂದು ಮಾತು. ಸಂಗನಾಳದಲ್ಲಿ ಕತ್ತರಿ ಎತ್ತಿದವನು ಕಾನೂನಿಗೆ ಉತ್ತರ ಹೇಳಲೇಬೇಕು. ಆದರೆ ಹಳ್ಳಿ ಹಳ್ಳಿಗಳಲ್ಲಿ ಕತ್ತರಿ ಹಿಡಿದ ಕೈ ಯಾರದು, ಆ ಕೈಯನ್ನು ಹಿಡಿದ ಕೈ ಯಾರದು ಎಂದು ನೋಡಬೇಕು. ಹಡಪದರವನು ತಾನೂ ಊರಿಗೆ ಹೆದರಿ ಬದುಕುವ ಸಣ್ಣ ಜಾತಿಯವನು. "ಅವರ ತಲಿ ಮುಟ್ಟಿದ್ರ ನಮ್ಮ ತಲಿ ಮುಟ್ಟಬ್ಯಾಡ" ಎಂದು ಊರ ಗೌಡ ಹೇಳಿದರೆ ಅವನ ಒಲೆ ಆರುತ್ತದೆ. ಹಾಗಾಗಿ ಕೆಲವು ಕಡೆ ಅವನು ಅಂಗಡಿಯನ್ನೇ ಮುಚ್ಚುತ್ತಾನೆ. ದಲಿತನಿಗೆ ತೆರೆಯುವುದಕ್ಕಿಂತ ಯಾರಿಗೂ ತೆರೆಯದಿರುವುದು ಅವನಿಗೆ ಸುಲಭ. ಬಸವಣ್ಣನ ಪಕ್ಕದಲ್ಲಿ ನಿಂತವನು ಹಡಪದ ಅಪ್ಪಣ್ಣ. ಎಂಟು ನೂರು ವರ್ಷಗಳ ಹಿಂದೆ ಹಡಪದವನೂ ಹರಳಯ್ಯನೂ ಒಂದೇ ಸಾಲಿನಲ್ಲಿ ಕೂತಿದ್ದ ನೆಲ ಇದು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು. ಬೋರ್ಡಿನ ಮೇಲೆ ಕಲ್ಯಾಣ ಬಂತು. ಕ್ಷೌರದಂಗಡಿಗೆ ಇನ್ನೂ ಬಂದಿಲ್ಲ.

ಸರ್ಕಾರದ ಬುದ್ಧಿಯನ್ನೂ ನೋಡಿ. 2020ರಲ್ಲಿ ಸಮಾಜ ಕಲ್ಯಾಣ ಇಲಾಖೆ ಹಳ್ಳಿಗಳಲ್ಲಿ ಸರ್ಕಾರದಿಂದಲೇ ಕ್ಷೌರದಂಗಡಿ ತೆರೆಯುವ ಪ್ರಸ್ತಾಪ ಮುಂದಿಟ್ಟಿತ್ತು. ಕೇಳಲು ಚೆನ್ನಾಗಿದೆ. ಆದರೆ ಸ್ವಲ್ಪ ಯೋಚಿಸಿ. ಊರಿನ ಅಂಗಡಿ ಊರಿಗೆ, ಸರ್ಕಾರದ ಅಂಗಡಿ ಕೇರಿಗೆ ಎಂದಾದರೆ ಅದು ಎರಡನೆಯ ಲೋಟ. ಅಸ್ಪೃಶ್ಯತೆಗೆ ಸರ್ಕಾರಿ ಖರ್ಚಿನಲ್ಲಿ ಕಟ್ಟಿಸಿಕೊಟ್ಟ ಕೋಣೆ. 1955ರ ಕಾಯಿದೆ ಇದೆ, 1989ರ ಕಾಯಿದೆ ಇದೆ. ಇರುವ ಅಂಗಡಿಯ ಬಾಗಿಲು ತೆಗೆಸಲು ಧೈರ್ಯವಿಲ್ಲದ ಪ್ರಭುತ್ವ ಹೊಸ ಅಂಗಡಿಗೆ ಟೆಂಡರ್ ಕರೆಯಲು ಹೊರಡುತ್ತದೆ.

ಬೇರೆಯವರನ್ನು ಬೈದದ್ದಾಯಿತು. ಈಗ ನಮ್ಮ ಮನೆಯ ಕಸ.

ಮರಕುಂಬಿಯಲ್ಲಿ ಶಿಕ್ಷೆಯಾದ 101 ಜನರಲ್ಲಿ 3 ಜನರಿಗೆ ಜೀವಾವಧಿ ಆಗಲಿಲ್ಲ, ಐದು ವರ್ಷವಾಯಿತು. ಯಾಕೆ? ಅವರು ಪರಿಶಿಷ್ಟ ಜಾತಿ, ಪಂಗಡದವರು. ದೌರ್ಜನ್ಯ ತಡೆ ಕಾಯಿದೆ ಅವರಿಗೆ ಅನ್ವಯವಾಗಲಿಲ್ಲ. ಈ ಸಾಲನ್ನು ಎರಡು ಸಲ ಓದಿ. ಕೇರಿ ಸುಟ್ಟ ಗುಂಪಿನಲ್ಲಿ ನಮ್ಮಂಥವರೂ ಇದ್ದರು. ಊರ ಧಣಿಯ ಗದ್ದೆಯ ಋಣಕ್ಕೋ, ತಾನು ಇನ್ನೊಬ್ಬನಿಗಿಂತ ಒಂದು ಮೆಟ್ಟಿಲು ಮೇಲೆ ಎಂಬ ಭ್ರಮೆಗೋ ಹೋದರು. ಅಂಬೇಡ್ಕರ್ ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದು ಸುಮ್ಮನೆ ಅಲ್ಲ. ನಾವು ಎಡಗೈ ಬಲಗೈ ಎಂದು ಜಗಳವಾಡುತ್ತೇವೆ. ಬಿ. ಕೃಷ್ಣಪ್ಪನವರ ಕಾಲದಲ್ಲಿ ಕಟ್ಟಿದ ಒಂದು ಸಂಘಟನೆಯನ್ನು ಹತ್ತು ಬಣ ಮಾಡಿಕೊಂಡು ಹತ್ತು ಲೆಟರ್‌ಹೆಡ್ ಇಟ್ಟುಕೊಂಡಿದ್ದೇವೆ. ಏಪ್ರಿಲ್ 14ಕ್ಕೆ ಶಾಮಿಯಾನ ಹಾಕಿಸಲು ಬೆಟ್ಟ ಹತ್ತುವ ಪುಢಾರಿಯ ಹತ್ತಿರವೇ ಚಂದಾ ಕೇಳುತ್ತೇವೆ. ಅವನು ಕೊಡುತ್ತಾನೆ. ಬ್ಯಾನರಿನಲ್ಲಿ ಬಾಬಾಸಾಹೇಬರಿಗಿಂತ ದೊಡ್ಡದಾಗಿ ಅವನ ಫೋಟೋ ಬರುತ್ತದೆ. ಹತ್ತು ವರ್ಷ ಸಾಕ್ಷಿ ಹೇಳಿದ ಮರಕುಂಬಿಯ ಕೂಲಿ ಹೆಂಗಸಿನ ಹೆಸರು ಆ ಬ್ಯಾನರಿನಲ್ಲಿ ಎಲ್ಲಿದೆ?

ಭಕ್ತಿಯನ್ನು ಬಿಡಿ ಎಂದು ನಾನು ಕೇರಿಯ ಅವ್ವಂದಿರಿಗೆ ಹೇಳಲು ಹೋಗುವುದಿಲ್ಲ. ಅವರ ಹನುಮಪ್ಪ ಅವರಿಗೆ. ಕಷ್ಟದಲ್ಲಿ ಕರೆಯಲು ಅವರಿಗೆ ಬೇರೆ ಯಾರು ಇದ್ದರು? ನನ್ನ ಜಗಳ ದೇವರ ಜೊತೆ ಅಲ್ಲ. ದೇವರನ್ನು ಕಂಬಕ್ಕೆ ಕಟ್ಟಿ ಅದರ ಬೆಳಕಿನಲ್ಲಿ ಓಟು ಎಣಿಸುವವರ ಜೊತೆ.

ಹಾಗಾದರೆ ಮಾಡಬೇಕಾದ್ದೇನು?

ಮುಂದಿನ ಚುನಾವಣೆಯಲ್ಲಿ ಯಾವ ಪಕ್ಷದ ಅಭ್ಯರ್ಥಿ ಕೇರಿಗೆ ಬಂದರೂ ಒಂದೇ ಪ್ರಶ್ನೆ ಕೇಳಿ: "ಈ ಊರಾಗ ಕಟಿಂಗ್ ಅಂಗಡಿಗೆ ನಮ್ಮನ್ನ ಬಿಟ್ಕೊಂತಾರೇನ್ರಿ? ನೀವು ನಮ್ಮ ಜೋಡಿ ಬರ್ತೀರೇನು?" ಬೆಟ್ಟಕ್ಕೆ ಎಷ್ಟು ಕೋಟಿ ಎಂದು ಅವನು ಹೇಳಲು ಶುರುಮಾಡಿದರೆ ಕೈ ಅಡ್ಡ ಹಿಡಿದು ಮತ್ತೆ ಅದೇ ಪ್ರಶ್ನೆ ಕೇಳಿ.

ವಿದ್ಯಾರ್ಥಿ ಗೆಳೆಯರೇ, ನಿಮ್ಮ ತಾಲ್ಲೂಕಿನ ಪಟ್ಟಿ ಮಾಡಿ. ಯಾವ ಹಳ್ಳಿಯಲ್ಲಿ ಹೋಟೆಲು ತೆರೆದಿದೆ, ಎಲ್ಲಿ ಬೇರೆ ಲೋಟ, ಎಲ್ಲಿ ಕ್ಷೌರಕ್ಕೆ ಕೇರಿಯವರು ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹತ್ತುತ್ತಾರೆ. ಸರ್ಕಾರ ಈ ಲೆಕ್ಕ ಇಡುವುದಿಲ್ಲ, ನಾವು ಇಡಬೇಕು. ಮೇಷ್ಟ್ರುಗಳೇ, 17ನೇ ವಿಧಿಯನ್ನು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿ ಕಲಿಸಬೇಡಿ. "ನಮ್ಮ ಊರಿನ ಕ್ಷೌರದಂಗಡಿಯಲ್ಲಿ ಇದು ಇದೆಯೇ?" ಎಂದು ಮಕ್ಕಳನ್ನು ಕೇಳಿ. ತರಗತಿ ಮೌನವಾದರೆ ಆ ಮೌನವೇ ಪಾಠ. ಕಾರ್ಯಕರ್ತರೇ, ಕೇಸು ಹಾಕಿಸಿ ಫೋಟೋ ತೆಗೆಸಿಕೊಂಡು ಮನೆಗೆ ಹೋಗಬೇಡಿ. ಸಾಕ್ಷಿ ಹೇಳುವವರ ಕೂಲಿ ಹೋದ ದಿನ ಅವರ ಒಲೆ ಉರಿಯುತ್ತದೆಯೇ ನೋಡಿ. ಹಡಪದ ಸಮಾಜದ ಹುಡುಗರ ಜೊತೆ ಕೂತು ಮಾತಾಡಿ. ಅವರ ಅಂಗಡಿಗೆ ಊರು ಬಹಿಷ್ಕಾರ ಹಾಕಿದರೆ ಕೇರಿಗೆ ಕೇರಿಯೇ ಅವರ ಗಿರಾಕಿಯಾಗಬೇಕು. ಎಲ್ಲಕ್ಕಿಂತ ಮೊದಲು ನೆಲದ ಪ್ರಶ್ನೆ ಎತ್ತಿ. ಎರಡೆಕರೆ ನೀರಾವರಿ ಇದ್ದವನಿಗೆ ಬೇರೆ ಲೋಟದಲ್ಲಿ ಚಹಾ ಕೊಡಲು ಹೋಟೆಲಿನವನೂ ಒಂದು ಕ್ಷಣ ಯೋಚಿಸುತ್ತಾನೆ.

ಸಂಜೆಯಾದರೆ ಗಂಗಾವತಿಯ ಬೀದಿಯಲ್ಲಿ ದೀಪ ಹತ್ತುತ್ತವೆ. ಹತ್ತಲಿ, ಬೇಡ ಎಂದವರು ಯಾರು? ಆದರೆ ಆ ಬೆಳಕು ನಮ್ಮ ಹಳ್ಳಿಯ ಕ್ಷೌರದಂಗಡಿಯ ಕನ್ನಡಿಗೆ ಬೀಳಬೇಕು. ಆ ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೇರಿಯ ಹುಡುಗ ಕೂತು ತನ್ನ ಮುಖವನ್ನು ನೆಟ್ಟಗೆ ನೋಡಿಕೊಳ್ಳಬೇಕು. ಅಲ್ಲಿಯ ತನಕ ಯಾವ ಬೆಟ್ಟದ ಮೇಲೆ ಯಾರು ಹುಟ್ಟಿದರು ಎಂಬ ಜಗಳ ನಮ್ಮದಲ್ಲ.

ಜೈ ಭೀಮ್.